32.7 ಮೈಲಿ

ಜೂನ್ 7, 2025, ಶನಿವಾರ
ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಹೈಸ್ಕೂಲು ಮುಗಿಸುವ ಮಕ್ಕಳ ಸಿನಿಮಾ, ಆದರೆ ಒಂದೇ ಒಂದು ಪರೀಕ್ಷೆಯೂ ಅದರಲ್ಲಿ ನಡೆಯುವುದಿಲ್ಲ. ಹಾಲ್ ಟಿಕೆಟ್ ಇಲ್ಲ, ಫಲಿತಾಂಶದ ದಿನವಿಲ್ಲ, ಎಷ್ಟು ಅಂಕ ಬಂತು ಎಂದು ಗೇಟಿನ ಬಳಿ ನಿಂತು ವಿಚಾರಿಸುವ ಪಕ್ಕದ ಮನೆಯವರೂ ಇಲ್ಲ. ‘ಹೈಸ್ಕೂಲ್ ಮ್ಯೂಸಿಕಲ್ 3: ಸೀನಿಯರ್ ಇಯರ್’ ಚಿತ್ರವನ್ನು ನಿನ್ನೆ ರಾತ್ರಿ ಮಗಳ ಜತೆ ಕುಳಿತು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಇಷ್ಟು ದಿನ ಅದರ ಹಾಡುಗಳು ಅವಳ ಕೋಣೆಯ ಬಾಗಿಲಿನ ಸಂದಿಯಿಂದ ಕೇಳಿಸಿದ್ದಷ್ಟೇ.

ಮೊನ್ನೆ ಅವಳ ಗ್ರ್ಯಾಜುಯೇಷನ್. ಶಾಲೆಯ ಫುಟ್‌ಬಾಲ್ ಮೈದಾನದಲ್ಲಿ ಮಡಚುವ ಕುರ್ಚಿಗಳು, ಬಿಸಿಲು, ಪಾಲಿಯೆಸ್ಟರ್ ಗೌನು, ಚೌಕದ ಟೋಪಿ. ಎಲ್ಲ ಹೆಸರು ಓದಿ ಮುಗಿಯುವವರೆಗೂ ಯಾರೂ ಚಪ್ಪಾಳೆ ತಟ್ಟಬೇಡಿ ಎಂದು ಪ್ರಾಂಶುಪಾಲರು ಕೇಳಿಕೊಂಡರು. ಮೊದಲ ಹೆಸರಿಗೇ ಯಾರೋ ಕಾರಿನ ಹಾರ್ನ್‌ನಂತಹ ತುತ್ತೂರಿ ಊದಿದರು. ಶಿವಮೊಗ್ಗದಿಂದ ವಿಡಿಯೋ ಕರೆಯಲ್ಲಿ ನೋಡುತ್ತಿದ್ದ ನನ್ನ ತಾಯಿ, ಎಲ್ಲ ಮುಗಿದ ಮೇಲೆ, “ಸರಿ, ರಿಸಲ್ಟ್ ಯಾವಾಗ?” ಎಂದು ಕೇಳಿದರು. ಇಲ್ಲಿ ಹನ್ನೆರಡನೆಯ ತರಗತಿಯ ಕೊನೆಗೆ ನಮ್ಮ ಹಾಗೆ ಬೋರ್ಡ್ ಪರೀಕ್ಷೆ ಇಲ್ಲ, ನಾಲ್ಕು ವರ್ಷದ ಅಂಕಗಳನ್ನೇ ಕಾಲೇಜುಗಳು ನೋಡುತ್ತವೆ, ಯಾವ ಕಾಲೇಜು ಎಂಬುದು ಮಾರ್ಚ್‌ನಲ್ಲಿಯೇ ತಿಳಿದಿರುತ್ತದೆ ಎಂದು ವಿವರಿಸಿದೆ. ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಪರೀಕ್ಷೆ ಇಲ್ಲದೆ ಹಾರ ಹಾಕಿಸಿಕೊಳ್ಳುವುದು ಅವರ ಲೆಕ್ಕದಲ್ಲಿ ಸ್ವಲ್ಪ ಅವಸರದ ಕೆಲಸ.

ಈಗ ಸಿನಿಮಾಕ್ಕೆ ಬರುತ್ತೇನೆ. ಇದರ ಮೊದಲ ಎರಡು ಭಾಗಗಳು ಡಿಸ್ನಿ ಚಾನೆಲ್‌ಗಾಗಿ ತಯಾರಾದವು. ಮೊದಲನೆಯದು 2006ರ ಜನವರಿಯಲ್ಲಿ, ಎರಡನೆಯದು 2007ರ ಆಗಸ್ಟ್‌ನಲ್ಲಿ ಪ್ರಸಾರವಾಯಿತು. ಮಕ್ಕಳು ಮುಗಿಬಿದ್ದು ನೋಡಿದ್ದರಿಂದ ಮೂರನೆಯದನ್ನು ಚಿತ್ರಮಂದಿರಕ್ಕೇ ತಂದರು. 2008ರ ಅಕ್ಟೋಬರ್ 24ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಮೊದಲ ವಾರಾಂತ್ಯದಲ್ಲಿಯೇ ನಾಲ್ಕು ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಲೀಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ಮುಳುಗಿ ಆಗ ಆರು ವಾರವೂ ಆಗಿರಲಿಲ್ಲ. ಎಲ್ಲರ ಮನೆಯಲ್ಲೂ ಕೆಲಸದ ಮಾತೇ ನಡೆಯುತ್ತಿದ್ದ ಆ ದಿನಗಳಲ್ಲಿ ಕೆಂಪು ಬಿಳಿ ಬಟ್ಟೆಯ ಹುಡುಗ ಹುಡುಗಿಯರು ಹಾಡಿ ಕುಣಿಯುವುದನ್ನು ನೋಡಲು ಜನ ಸಾಲು ನಿಂತರು. ನಮ್ಮ ಮನೆಯಲ್ಲಿಯೂ ಆ ಅಕ್ಟೋಬರಿನಲ್ಲಿ ಇವರ ಪ್ರಾಜೆಕ್ಟ್ ನಿಂತುಹೋಗಿತ್ತು. ಒಂದು ವರ್ಷದ ಮಗುವನ್ನು ಎತ್ತಿಕೊಂಡು, ಪಾತ್ರೆಗಳನ್ನು ಸೀರೆಯಲ್ಲಿ ಸುತ್ತಿ, ಇನ್ನೊಂದು ರಾಜ್ಯಕ್ಕೆ ಹೊರಟೆವು. ಸಿನಿಮಾ ನೋಡುವ ಮಾತೆಲ್ಲಿ ಬಂತು?

ಕಥೆ ನಡೆಯುವುದು ನ್ಯೂ ಮೆಕ್ಸಿಕೋದ ಅಲ್ಬುಕರ್ಕಿಯಲ್ಲಿ. ಚಿತ್ರೀಕರಣವಾದ ಈಸ್ಟ್ ಹೈಸ್ಕೂಲು ಇರುವುದು ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ. ಅದು ನಿಜವಾದ ಶಾಲೆ, ಮಕ್ಕಳು ಇಂದಿಗೂ ಅಲ್ಲಿ ಓದುತ್ತಾರೆ. ಸಿನಿಮಾದಲ್ಲಿ ಶಾಲೆಯ ತಂಡ ವೈಲ್ಡ್‌ಕ್ಯಾಟ್ಸ್; ನಿಜವಾದ ಶಾಲೆಯ ತಂಡ ಲೆಪರ್ಡ್ಸ್. ಬೆಕ್ಕಿನ ಜಾತಿ ಒಂದೇ ಎನ್ನಿ.

ನಟರ ವಯಸ್ಸಿನ ಬಗ್ಗೆ ಮಗಳು ನಕ್ಕಿದ್ದೇ ನಕ್ಕಿದ್ದು. ನಾಯಕ ಟ್ರಾಯ್ ಪಾತ್ರದ ಝ್ಯಾಕ್ ಎಫ್ರಾನ್‌ಗೆ ಬಿಡುಗಡೆಯ ವಾರ 21 ತುಂಬಿತ್ತು. ಶಾರ್ಪೆಯಾಗಿ ನಟಿಸಿದ ಆಶ್ಲಿ ಟಿಸ್ಡೇಲ್‌ಗೆ 23. ಟೇಲರ್ ಪಾತ್ರದ ಮೊನೀಕ್ ಕೋಲ್ಮನ್‌ಗೆ 28 ತುಂಬಲು ಒಂದು ತಿಂಗಳೂ ಉಳಿದಿರಲಿಲ್ಲ. ನಲವತ್ತು ದಾಟಿದ ನಾಯಕರು ಪುಸ್ತಕ ಎದೆಗವಚಿಕೊಂಡು ಕಾಲೇಜಿಗೆ ಹೋಗುವುದನ್ನು ನೋಡಿ ಬೆಳೆದ ನನಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ನಿರ್ದೇಶಕ ಕೆನ್ನಿ ಒರ್ಟೆಗಾ ಮೂಲತಃ ನೃತ್ಯ ಸಂಯೋಜಕ. ಹಳೆಯ ಹಾಲಿವುಡ್‌ನ ನರ್ತಕ ನಟ ಜೀನ್ ಕೆಲ್ಲಿಯಂಥವರ ಜತೆ ಕೆಲಸ ಮಾಡಿ ಕಲಿತವರು. ಅದು ತೆರೆಯ ಮೇಲೆ ಕಾಣುತ್ತದೆ. ಗುಜರಿ ಅಂಗಳದ ಹಾಡೊಂದಿದೆ: ಟ್ರಾಯ್‌ನ ಲಡಕಾಸಿ ಟ್ರಕ್ಕಿಗೆ ಬಿಡಿಭಾಗ ಹುಡುಕಲು ಅವನೂ ಗೆಳೆಯ ಚಾಡ್‌ನೂ ಹೋಗುತ್ತಾರೆ, ಹೋದವರು ಜಜ್ಜಿಹೋದ ಕಾರುಗಳ ಬಾನೆಟ್ ಮೇಲೆ, ಟೈರಿನ ರಾಶಿಯ ಮೇಲೆ, ಚಿಕ್ಕಂದಿನಲ್ಲಿ ತಾವು ಆಡಿದ ಆಟಗಳನ್ನೆಲ್ಲ ಮತ್ತೆ ಆಡಿ ಕುಣಿಯುತ್ತಾರೆ. ಇಡೀ ಚಿತ್ರದಲ್ಲಿ ಗೆಳೆತನದ ಬಗ್ಗೆ ಆಡಿದ ಮಾತಿಗಿಂತ ಈ ಹಾಡೇ ಹೆಚ್ಚು ಹೇಳುತ್ತದೆ. ಇನ್ನೊಂದು, ಅಪ್ಪನೊಡನೆ ಜಗಳವಾಡಿದ ಟ್ರಾಯ್ ರಾತ್ರಿ ಖಾಲಿ ಶಾಲೆಗೆ ನುಗ್ಗುವ ದೃಶ್ಯ. ಲಾಕರುಗಳಿರುವ ಕಾರಿಡಾರೇ ತಿರುಗತೊಡಗುತ್ತದೆ. ಹುಡುಗ ನೆಲದಿಂದ ಗೋಡೆಗೆ, ಗೋಡೆಯಿಂದ ಚಾವಣಿಗೆ ಕಾಲಿಡುತ್ತಾನೆ. ಇದು ಹಳೆಯ ತಂತ್ರ. ಕೋಣೆಯ ಸೆಟ್ಟನ್ನೇ ಒಂದು ದೊಡ್ಡ ಚಕ್ರದೊಳಗೆ ಕಟ್ಟಿ, ಕ್ಯಾಮೆರಾವನ್ನೂ ಅದಕ್ಕೆ ಬಿಗಿದು ತಿರುಗಿಸಿದರೆ ನೋಡುವವರಿಗೆ ಕೋಣೆ ನಿಂತಂತೆಯೂ ಮನುಷ್ಯ ಗೋಡೆ ಹತ್ತಿದಂತೆಯೂ ಕಾಣುತ್ತದೆ. ಇನ್ನೊಬ್ಬ ನರ್ತಕ ನಟ ಫ್ರೆಡ್ ಅಸ್ಟೇರ್ 1951ರಲ್ಲಿಯೇ ಹೀಗೆ ಚಾವಣಿಯ ಮೇಲೆ ಕುಣಿದಿದ್ದರು. ಅಲ್ಲಿ ಅದು ಪ್ರೀತಿಯಲ್ಲಿ ಬಿದ್ದವನ ಖುಷಿ. ಇಲ್ಲಿ ಯಾವ ಕಾಲೇಜು ಸೇರುವುದೆಂದು ತಿಳಿಯದ ಹುಡುಗನ ದಿಗಿಲು. ಮಾರ್ಚ್ ತಿಂಗಳಿನಲ್ಲಿ ನಮ್ಮ ಮನೆಯಲ್ಲಿಯೂ ಗೋಡೆ ನೆಲಗಳ ವ್ಯತ್ಯಾಸ ಕೆಲವು ದಿನ ಇರಲಿಲ್ಲ.

ಅವನ ದಿಗಿಲಿಗೆ ಕಾರಣ ಇಷ್ಟು. ಅಪ್ಪನ ಆಸೆ ಊರಿನ ವಿಶ್ವವಿದ್ಯಾಲಯದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಲಿ ಎಂದು; ಗೆಳೆಯ ಚಾಡ್ ಹೋಗುವುದೂ ಅಲ್ಲಿಗೇ. ನಾಟಕದ ಮೇಡಂ ಮಿಸ್ ಡಾರ್ಬಸ್ ಅವನಿಗೇ ತಿಳಿಸದೆ ಅವನ ಪರವಾಗಿ ನ್ಯೂಯಾರ್ಕಿನ ಜೂಲಿಯಾರ್ಡ್ ಎಂಬ ಸಂಗೀತ ನಾಟಕಗಳ ಶಾಲೆಗೆ ಅರ್ಜಿ ಹಾಕಿಬಿಟ್ಟಿದ್ದಾರೆ. (ನಮ್ಮ ಬೀದಿಯಲ್ಲಿ ಆ ಕೆಲಸ ತಾಯಂದಿರು ಮಾಡುತ್ತಾರೆ.) ಕೊನೆಗೆ ಅವನು ಎರಡನ್ನೂ ಬಿಟ್ಟು, ವೇದಿಕೆಯ ಮೇಲೆ ನಿಂತು, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಂದು ಘೋಷಿಸುತ್ತಾನೆ. ಅಲ್ಲಿ ಆಟವೂ ಇದೆ, ನಾಟಕವೂ ಇದೆ, ಮೇಲಾಗಿ ಸ್ಟ್ಯಾನ್‌ಫರ್ಡ್ ಸೇರಿರುವ ಅವನ ಪ್ರೇಯಸಿ ಗ್ಯಾಬ್ರಿಯೆಲ್ಲಾಳಿಂದ ಕೇವಲ 32.7 ಮೈಲಿ ದೂರ.

ಸೋಫಾದ ಮೇಲೆ ಮಲಗಿದ್ದ ಇವರು ಆಗ ಎದ್ದು ಕುಳಿತರು. “ಯಾವ ದಾರಿ? ಯಾವ ಹೊತ್ತಿಗೆ?” ಎಂದು ಕೇಳಿದರು. ನಾವಿರುವ ಫ್ರೀಮಾಂಟ್ ಆ ಎರಡು ಊರುಗಳ ದಾರಿಯಲ್ಲಿಯೇ ಬರುತ್ತದೆ. ಡಂಬಾರ್ಟನ್ ಸೇತುವೆ ದಾಟಿದರೆ ಸ್ಟ್ಯಾನ್‌ಫರ್ಡ್ ಕಡೆ, 880 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಬರ್ಕ್ಲಿ. ನಡುವೆ ಕೊಲ್ಲಿಯ ನೀರಿದೆ. ಹಕ್ಕಿ ಹಾರಿದರೆ ಮೂವತ್ತು ಚಿಲ್ಲರೆ, ರಸ್ತೆಯ ಮೇಲೆ ನಲವತ್ತರ ಹತ್ತಿರ. ಸಂಜೆ ಐದು ಗಂಟೆಗೆ ಹೊರಟರೆ ಆ ಟ್ರಕ್ಕು ಹೇವರ್ಡ್ ದಾಟುವಷ್ಟರಲ್ಲಿ ಪ್ರೇಮಕ್ಕೆ ಹಸಿವಾಗಿರುತ್ತದೆ. ಸಾಲದ್ದಕ್ಕೆ ಹುಡುಗ ನ್ಯೂ ಮೆಕ್ಸಿಕೋದವನು, ಹೊರರಾಜ್ಯದವರಿಗೆ ಶುಲ್ಕ ದುಪ್ಪಟ್ಟಿಗಿಂತ ಹೆಚ್ಚು. ಆ ಬಗ್ಗೆ ಅವನ ಅಪ್ಪ ಅಮ್ಮ ಒಂದು ಮಾತಾಡುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸಿದಷ್ಟು ಸಲೀಸಾಗಿ ಬರ್ಕ್ಲಿಯನ್ನು ಆರಿಸಿಕೊಳ್ಳುತ್ತಾನೆ. ಬರ್ಕ್ಲಿ ಅವನನ್ನು ಆರಿಸಬೇಕಲ್ಲ ಎಂಬ ಪ್ರಶ್ನೆಯನ್ನು ಆ ಸಭಾಂಗಣದಲ್ಲಿ ಯಾರೂ ಎತ್ತುವುದಿಲ್ಲ.

ಇದನ್ನೆಲ್ಲ ನಗುತ್ತ ಬರೆಯುತ್ತಿದ್ದೇನೆ. ಆದರೆ ಟ್ರಾಯ್ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ನಾನು ನೋಡುತ್ತಿದ್ದದ್ದು ಗ್ಯಾಬ್ರಿಯೆಲ್ಲಾಳನ್ನು, ಅಂದರೆ ವನೆಸ್ಸಾ ಹಜೆನ್ಸ್ ಮಾಡಿದ ಪಾತ್ರವನ್ನು.

ಆ ಹುಡುಗಿ ತಾಯಿಯ ಕೆಲಸದ ವರ್ಗಾವಣೆಯಿಂದಾಗಿ ಊರಿಂದ ಊರಿಗೆ ಶಾಲೆ ಬದಲಿಸುತ್ತ ಬಂದವಳು. ಮೊದಲ ಭಾಗ ಶುರುವಾಗುವುದೇ ಅವಳು ಈಸ್ಟ್ ಹೈಗೆ ಹೊಸಬಳಾಗಿ ಬರುವುದರಿಂದ. ಹೈಸ್ಕೂಲು ಮುಗಿಯುವವರೆಗೆ ಇನ್ನು ಊರು ಬದಲಿಸುವುದಿಲ್ಲ ಎಂದು ತಾಯಿ ಮಾತು ಕೊಟ್ಟಿರುತ್ತಾಳೆ. ಮೂರನೆಯ ಭಾಗದಲ್ಲಿ ಶಾಲೆಯ ಚಾವಣಿಯ ತೋಟದಲ್ಲಿ ಅವಳು ಟ್ರಾಯ್‌ಗೆ ವಾಲ್ಟ್ಸ್ ಕಲಿಸುತ್ತಾಳೆ. ಮೂರು ಎಣಿಕೆಯ ಆ ನೃತ್ಯದಲ್ಲಿ ದಾರಿ ತೋರಿಸುವವಳು ಅವಳು. ಹುಡುಗನ ಕೈಯನ್ನು ತನ್ನ ಬೆನ್ನಿಗೆ ತಾನೇ ಇಟ್ಟುಕೊಳ್ಳುತ್ತಾಳೆ, ಎಣಿಸುತ್ತಾಳೆ. ಮಳೆ ಬರುತ್ತದೆ, ನೆನೆಯುತ್ತ ಕುಣಿಯುತ್ತಾರೆ. ನಮ್ಮ ಸಿನಿಮಾಗಳಲ್ಲಿ ಎಷ್ಟೋ ಮಳೆ ಹಾಡು ನೋಡಿದ್ದೇನೆ, ಆದರೂ ಇದು ಇಷ್ಟವಾಯಿತು; ಮಳೆ ಇಲ್ಲಿ ಸೀರೆಯ ಮೇಲೆ ಬೀಳುವ ನೆಪವಾಗಿ ಬರುವುದಿಲ್ಲ.

ಅನಂತರ ಸ್ಟ್ಯಾನ್‌ಫರ್ಡ್‌ನಿಂದ ಕರೆ: ಜಾಣ ವಿದ್ಯಾರ್ಥಿಗಳಿಗಾಗಿ ಮುಂಚಿತವಾಗಿಯೇ ಒಂದು ಕಾರ್ಯಕ್ರಮವಿದೆ, ಬಾ ಎಂದು. ಹೋದರೆ ಶಾಲೆಯ ನಾಟಕವೂ ತಪ್ಪುತ್ತದೆ, ಪ್ರಾಮ್ ಎಂಬ ಕೊನೆಯ ನೃತ್ಯಕೂಟವೂ ತಪ್ಪುತ್ತದೆ. ಅವಳು ಹೋಗುತ್ತಾಳೆ. ಹೋದಮೇಲೆ, ಫೋನಿನಲ್ಲಿ, ತಿರುಗಿ ಬರುವುದಿಲ್ಲ ಎನ್ನುತ್ತಾಳೆ. ಒಮ್ಮೆ ಹೇಗೋ ವಿದಾಯ ಹೇಳಿ ಬಂದಾಗಿದೆ, ಮತ್ತೆ ಬಂದು ಮತ್ತೆ ಹೇಳುವುದು ತನ್ನಿಂದಾಗದು ಎನ್ನುವ ಅರ್ಥದಲ್ಲಿ. ಇಷ್ಟೊಂದು ಬಣ್ಣ, ಬೆಳಕು, ಕುಣಿತದ ನಡುವೆ ಅದೊಂದು ಮಾತು ನಿಜವಾದ ಮನುಷ್ಯರದು. ಆದರೆ ಸಿನಿಮಾಕ್ಕೆ ಅಲ್ಲಿ ನಿಲ್ಲಲು ಪುರುಸೊತ್ತಿಲ್ಲ. ಟ್ರಾಯ್ ಪ್ರಾಮ್‌ಗೆಂದು ಕೋಟು ತೊಟ್ಟು, ಅದೇ ಟ್ರಕ್ಕಿನಲ್ಲಿ ಸಾವಿರ ಮೈಲಿ ಓಡಿಸಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಬರುತ್ತಾನೆ, ಅವಳು ಅವನ ಜತೆ ಹಿಂತಿರುಗುತ್ತಾಳೆ, ನಾಟಕ ಗೆಲ್ಲುತ್ತದೆ. ಗ್ರ್ಯಾಜುಯೇಷನ್ ದಿನ ಭಾಷಣ ಮಾಡುವವನೂ ಟ್ರಾಯ್. ತರಗತಿಯಲ್ಲೇ ಜಾಣೆಯಾದವಳು ಕೆಳಗೆ ಕುಳಿತು ಕೇಳುತ್ತಾಳೆ. ನನಗೆ ಸಿಟ್ಟು ಬಂದದ್ದು ಇಲ್ಲಿ.

ಬಿಟ್ಟು ಹೋಗುವುದರಲ್ಲಿ ಪಳಗಿದ ಮಕ್ಕಳು ಹೇಗಿರುತ್ತಾರೆಂದು ನನಗೆ ಗೊತ್ತು. ವೀಸಾ, ಪ್ರಾಜೆಕ್ಟ್, ಬಾಡಿಗೆ ಎನ್ನುತ್ತ ನಾವೂ ಊರಿಂದ ಊರಿಗೆ ಹೊತ್ತು ತಿರುಗಿದೆವು. ಡಲ್ಲಾಸ್ ಬಿಡುವಾಗ ಮಗಳು ಗೆಳತಿಯ ಮನೆಯ ಬಾಗಿಲಲ್ಲಿ ನಿಂತು ಅತ್ತದ್ದು ಎದುರುಮನೆಯವರಿಗೂ ಕೇಳಿಸಿತ್ತು. ಅಟ್ಲಾಂಟಾ ಬಿಡುವಾಗ ಕಾರಿನೊಳಗೆ, ಕಿಟಕಿಯ ಕಡೆ ಮುಖ ಮಾಡಿ. ಇಲ್ಲಿಗೆ ಬರುವಾಗ ತನ್ನ ಪೆಟ್ಟಿಗೆಗಳ ಮೇಲೆ ತಾನೇ ದಪ್ಪ ಅಕ್ಷರದಲ್ಲಿ ಹೆಸರು ಬರೆದುಕೊಂಡು, ಟೇಪು ಎಲ್ಲಿದೆ ಎಂದು ಕೇಳಿದಳು. ನಾನು ಆಗ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ, ಮಗಳು ದೊಡ್ಡವಳಾದಳು ಎಂದು.

ಮೊನ್ನೆ ಮೈದಾನದಲ್ಲಿ ಅವಳ ಗೆಳತಿಯರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಕೊರಳ ತುಂಬ ಹೂವಿನ ಹಾರ, ಚಾಕಲೇಟಿನ ಹಾರ, ಒಂದೊಂದು ಡಾಲರಿನ ನೋಟು ಮಡಚಿ ಪೋಣಿಸಿದ ಹಾರ. ಇವಳು ಎಲ್ಲರ ಫೋಟೊ ತೆಗೆದುಕೊಟ್ಟಳು. ಯಾರದೋ ಕಣ್ಣಿನ ಕಾಡಿಗೆ ಒರೆಸಿದಳು. ಇಯರ್‌ಬುಕ್‌ನಲ್ಲಿ ಬರೆಸಿಕೊಳ್ಳುವುದನ್ನು ಮೇ ತಿಂಗಳಲ್ಲೇ ಮುಗಿಸಿಯಾಗಿತ್ತಂತೆ. ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿಯ ಕೊನೆಯ ದಿನ ಆಟೋಗ್ರಾಫ್ ಪುಸ್ತಕ ಹಿಡಿದು, ವರ್ಷವಿಡೀ ಮಾತು ಬಿಟ್ಟವಳ ಹತ್ತಿರವೂ ಹೋಗಿ, ಎರಡು ಸಾಲು ಬರೆಸಿಕೊಂಡು, ಮೂಗು ಸೀದಿಕೊಂಡು ಬಸ್ಸು ಹತ್ತಿದ್ದೆವು. ಪಾರ್ಕಿಂಗ್ ತಲುಪಿದಾಗ, “ಬೇಜಾರಿಲ್ಲವೇ?” ಎಂದು ಕೇಳಿದೆ. “ಇದೆ,” ಎಂದಳು, “ಸೀಟ್‌ಬೆಲ್ಟ್ ಹಾಕಿಕೋ ಅಮ್ಮಾ.”

ಸಿನಿಮಾ ಮುಗಿಯುವುದು ಆರು ಜನ ಮುಖ್ಯ ನಟರ ಹಿಂದೆ ರಂಗದ ಪರದೆ ಮುಚ್ಚಿಕೊಳ್ಳುವುದರೊಂದಿಗೆ. ಪಾತ್ರಗಳು ಶಾಲೆ ಬಿಡುತ್ತಿವೆಯೋ ನಟರು ಪಾತ್ರಗಳನ್ನು ಬಿಡುತ್ತಿದ್ದಾರೋ ಎಂದು ಹೇಳುವುದು ಕಷ್ಟ. ಅವರಿಗೆಲ್ಲ ಅದು ನಿಜಕ್ಕೂ ಆ ಸರಣಿಯ ಕೊನೆಯ ದೊಡ್ಡ ಚಿತ್ರವಾಗಿತ್ತು. ನನಗೆ ಕಣ್ಣು ತುಂಬಿದ್ದನ್ನು ಮಗಳು ನೋಡಿದಳು.

“ಅವನು ಬರಬಾರದಿತ್ತು,” ಎಂದಳು.

“ಯಾರು? ಟ್ರಾಯ್? ಸಾವಿರ ಮೈಲಿ ಓಡಿಸಿಕೊಂಡು ಬಂದಿದ್ದಾನೆ ಹುಡುಗ.”

“ಅದು ಅವನ ಪೆಟ್ರೋಲು. ಬರುವುದಿಲ್ಲ ಎಂದು ಅವಳು ಹೇಳಿದ್ದಳಲ್ಲ? ಹೇಳಿದ್ದನ್ನು ಕೇಳಿಸಿಕೊಳ್ಳಬೇಕಿತ್ತು.”

ಅವಳು ಹೇಳಿದ್ದು ಸರಿಯೇ ಇರಬಹುದು. ಆದರೂ ನಾನು ಬಿಡಲಿಲ್ಲ. ಇನ್ನೊಮ್ಮೆ ವಿದಾಯ ಹೇಳಲಾರೆ ಎನ್ನುವವಳಿಗೆ, ಹೇಳಬೇಕಾಗಿಯೇ ಇಲ್ಲ, ನಾನೇ ಹತ್ತಿರ ಬರುತ್ತೇನೆ ಎಂದು ಒಬ್ಬರಾದರೂ ಹೇಳಬೇಕಲ್ಲವೇ ಎಂದೆ. ಊರು ಬಿಡುವ ಕೆಲಸವನ್ನು ಯಾವಾಗಲೂ ಅವಳೇ ಏಕೆ ಮಾಡಬೇಕು? ಮೊದಲ ಬಾರಿಗೆ ಬೇರೆ ಯಾರೋ ಅವಳಿಗಾಗಿ ಊರು ಬಿಡುತ್ತಿದ್ದಾರೆ. 32.7 ಮೈಲಿಯ ಲೆಕ್ಕ ತಪ್ಪಿರಬಹುದು, 880ರ ಟ್ರಾಫಿಕ್ ಅವನಿಗೆ ತಿಳಿಯದಿರಬಹುದು, ಲೆಕ್ಕ ಹಾಕಿದನಲ್ಲ. ಮಗಳು ಯೋಚಿಸಿದಳು. ಅದು ಒಳ್ಳೆಯ ಮಾತು, ಆದರೆ ಸಿನಿಮಾದಲ್ಲಿ ಅದು ಇಲ್ಲ, ನೀನು ಸೇರಿಸಿದ್ದು ಎಂದಳು. ಹನ್ನೆರಡೂವರೆಯವರೆಗೆ ವಾದ ನಡೆಯಿತು. ಇವರು ಯಾವಾಗಲೋ ಎದ್ದು ಮಲಗಲು ಹೋಗಿದ್ದರು.

ಅವಳು ಸೇರುವುದು ಸ್ಯಾನ್ ಡಿಯಾಗೊ. ಇಲ್ಲಿಂದ ಐನೂರು ಮೈಲಿಗೆ ಸ್ವಲ್ಪ ಕಡಿಮೆ. ತರಗತಿ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ತಿಂಗಳಿಗೊಮ್ಮೆ ಬೆಳಿಗ್ಗೆ ನಾಲ್ಕಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ನಾನು ಅಲ್ಲಿರುತ್ತೇನೆ, ಬಿಸಿಬೇಳೆಬಾತನ್ನು ಹಾಟ್‌ಪ್ಯಾಕ್‌ನಲ್ಲಿ ತರುತ್ತೇನೆ ಎಂದೆ.

“ಫೋನ್ ಮಾಡಿ ಬಾ,” ಎಂದಳು.

“ನಾನೇನು ಟ್ರಾಯ್‌ಯೇ? ನಾನು ನಿನ್ನ ತಾಯಿ.”

“ಅದಕ್ಕೇ ಹೇಳಿದ್ದು.”