ಆ ಶೇ 25 ಎಲ್ಲಿಂದ ಬಂತು?

ಹದಿಹರೆಯದವರ ಮದ್ಯಪಾನದ ಬಗ್ಗೆ ಪಿಯು ಕಾಲೇಜುಗಳ ಉಪನ್ಯಾಸಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅದಕ್ಕೆ ಬೇಕಾದ ಕೈಪಿಡಿಯನ್ನೂ ನಾನೇ ಬರೆಯುತ್ತೇನೆ. ಆ ಕೈಪಿಡಿಯ ಮೂರನೇ ಪುಟದಲ್ಲಿ ಎರಡು ವರ್ಷ ಒಂದು ಸಾಲು ದಪ್ಪ ಅಕ್ಷರದಲ್ಲಿ ಕುಳಿತಿತ್ತು: ‘ಒಟ್ಟು ಮದ್ಯದಲ್ಲಿ ಶೇ 25ರಷ್ಟನ್ನು ಕುಡಿಯುವವರು ಅಪ್ರಾಪ್ತರು.’ ಇದನ್ನು ಓದಿದ ಕೂಡಲೇ ಹಿಂದಿನ ಬೆಂಚಿನವರ ಹರಟೆ ನಿಲ್ಲುತ್ತಿತ್ತು. ಹಾಗಾಗಿ ಆ ಸಾಲಿನ ಮೇಲೆ ನನಗೆ ಸ್ವಲ್ಪ ಮಮತೆಯೇ ಇತ್ತು.

ಹಾಸನದಲ್ಲಿ ಒಂದು ಮಧ್ಯಾಹ್ನ, ಊಟ ಮುಗಿದು ಎಲ್ಲರೂ ತೂಕಡಿಸುವ ಹೊತ್ತಿನಲ್ಲಿ, ಸಂಖ್ಯಾಶಾಸ್ತ್ರದ ಉಪನ್ಯಾಸಕರೊಬ್ಬರು ಎದ್ದು ನಿಂತರು. ‘ಮೇಡಂ, ಅಂಗಡಿಯಲ್ಲಿ ಬಾಟಲಿ ಕೊಡುವವನು ಕೊಳ್ಳುವವನ ವಯಸ್ಸು ಬರೆದಿಡುವುದಿಲ್ಲ. ಹಾಗಾದರೆ ಈ ಲೆಕ್ಕವನ್ನು ಯಾರನ್ನು ಕೇಳಿ ಹಾಕಿದರು?’

‘ಸಂಶೋಧನಾ ವರದಿಯಲ್ಲಿದೆ ಸರ್.’

‘ಯಾವ ವರದಿ?’

ಕೈಪಿಡಿಯ ಪುಟ ತಿರುಗಿಸಿದಂತೆ ಮಾಡಿದೆ. ಅಲ್ಲಿ ಏನೂ ಇಲ್ಲ ಎಂಬುದು ಬರೆದವಳಿಗೆ ಗೊತ್ತಿತ್ತು. ನಾನು ಅದನ್ನು ಎತ್ತಿಕೊಂಡದ್ದು ಬೇರೊಂದು ಸಂಸ್ಥೆಯ ಕರಪತ್ರದಿಂದ. ಆ ಕರಪತ್ರದವರು ಎಲ್ಲಿಂದ ಎತ್ತಿಕೊಂಡಿದ್ದರೋ!

ಬೆಂಗಳೂರಿಗೆ ಮರಳಿ ಒಂದು ವಾರ ಅದರ ಜಾಡು ಹಿಡಿದೆ. ಕರಪತ್ರದಿಂದ ಒಂದು ಲೇಖನಕ್ಕೆ, ಲೇಖನದಿಂದ ಇನ್ನೊಂದಕ್ಕೆ ಹೋಗುತ್ತಾ ಕೊನೆಗೆ ತಲುಪಿದ್ದು ಅಮೆರಿಕಕ್ಕೆ. 2002ರ ಫೆಬ್ರುವರಿಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವ್ಯಸನ ಅಧ್ಯಯನ ಕೇಂದ್ರವೊಂದು ಈ ಶೇ 25ನ್ನು ಪ್ರಕಟಿಸಿತ್ತು. ಹೆಸರಾಂತ ವಿಶ್ವವಿದ್ಯಾಲಯ, ಸರ್ಕಾರಿ ಸಮೀಕ್ಷೆಯ ಅಂಕಿಅಂಶ, ಅನುಮಾನಿಸಲು ಏನಿದೆ? ಆದರೆ ಆ ಸಮೀಕ್ಷೆಯಲ್ಲಿ 12ರಿಂದ 20 ವಯಸ್ಸಿನವರನ್ನು ಬೇಕೆಂದೇ ಹೆಚ್ಚು ಸಂಖ್ಯೆಯಲ್ಲಿ ಮಾತನಾಡಿಸಿದ್ದರು. ಉತ್ತರ ಕೊಟ್ಟವರಲ್ಲಿ ಅವರ ಪಾಲು ಹೆಚ್ಚುಕಡಿಮೆ ಶೇ 40, ದೇಶದ ಜನಸಂಖ್ಯೆಯಲ್ಲಿ ಶೇ 20ಕ್ಕಿಂತ ಕಡಿಮೆ. ಇಂಥ ಕಡೆ ಲೆಕ್ಕ ಹಾಕುವಾಗ ಅವರ ಪಾಲನ್ನು ಜನಸಂಖ್ಯೆಗೆ ಸರಿಯಾಗಿ ತಗ್ಗಿಸಬೇಕು. ಅದನ್ನೇ ಮರೆತಿದ್ದರು. ತಗ್ಗಿಸಿ ನೋಡಿದರೆ ಸಿಕ್ಕಿದ್ದು ಶೇ 11.4. ವರದಿ ಹೊರಬಿದ್ದ ಬೆನ್ನಲ್ಲೇ ಈ ತಪ್ಪನ್ನು ಪತ್ರಿಕೆಗಳು ಎತ್ತಿ ತೋರಿಸಿದ್ದವು. ಮರುವರ್ಷ ಅದೇ ಕೇಂದ್ರದವರು ಬೇರೆ ಸಮೀಕ್ಷೆಗಳನ್ನೂ ಸೇರಿಸಿ ಹೊಸದಾಗಿ ಲೆಕ್ಕ ಹಾಕಿ ಶೇ 19.7 ಎಂದರು. ತಿದ್ದುಪಡಿಗಳು ಅಲ್ಲೇ ಉಳಿದವು. ನಮ್ಮ ಹಾಸನದ ತನಕ ಬಂದದ್ದು ಮೊದಲ ಅಂಕಿ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಆ ಶೇ 25ರ ವಿರುದ್ಧ ಮೊದಲು ದನಿ ಎತ್ತಿದವರಲ್ಲಿ ಅಲ್ಲಿನ ಮದ್ಯ ತಯಾರಕರ ಸಂಘವೂ ಇತ್ತು. ಮದ್ಯದ ಕಂಪನಿಯವರ ಮಾತು ಎಂದರೆ ಓದದೆಯೇ ಬದಿಗಿಡುವುದು ನನ್ನ ಅಭ್ಯಾಸವಾಗಿತ್ತು. ಹಣ ಕೊಟ್ಟವರು ಯಾರು ಎಂದು ನಾನು ಈಗಲೂ ನೋಡುತ್ತೇನೆ, ಆದರೆ ಅದಕ್ಕೂ ಮುಂಚೆ ಯಾರನ್ನು, ಎಲ್ಲಿ, ಏನೆಂದು ಕೇಳಿದರು ಎಂಬ ಪುಟ ತೆರೆಯುತ್ತೇನೆ. ಆ ಪುಟ ಸಾಮಾನ್ಯವಾಗಿ ವರದಿಯ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿರುತ್ತದೆ.

ನಮ್ಮ ದೇಶದ ಮಟ್ಟಿಗೆ ನಾನು ಈಗ ನೆಚ್ಚುವುದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು. ಎರಡು ಲಕ್ಷ ಮನೆಗಳಿಗೆ ಹೋಗಿ 4.7 ಲಕ್ಷಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದ್ದರು. 10ರಿಂದ 17 ವಯಸ್ಸಿನವರಲ್ಲಿ ಮದ್ಯ ಕುಡಿಯುವವರು ಶೇ 1.3, ಅಂದರೆ ಸುಮಾರು 30 ಲಕ್ಷ ಮಕ್ಕಳು. ಇದರಲ್ಲೂ ಕಣ್ಣಿಡಬೇಕಾದ ಮಾತುಗಳಿವೆ. ‘ಕುಡಿಯುವವರು’ ಎಂದರೆ ಹಿಂದಿನ 12 ತಿಂಗಳಲ್ಲಿ ಒಮ್ಮೆಯಾದರೂ ಕುಡಿದವರು. ಅಮೆರಿಕದ ಶಾಲಾ ಸಮೀಕ್ಷೆಗಳಲ್ಲಿ ಹೆಚ್ಚಾಗಿ ಕಾಣುವುದು ಹಿಂದಿನ 30 ದಿನದ ಲೆಕ್ಕ. ಎರಡನ್ನೂ ಒಂದೇ ಪಟ್ಟಿಯಲ್ಲಿ ಕೂರಿಸಿದ ಕರಪತ್ರಗಳನ್ನು ನೋಡಿದ್ದೇನೆ. ಜೊತೆಗೆ ಇದು ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆ. ಅಡುಗೆಮನೆಯಲ್ಲಿ ಅಮ್ಮ ಇರುವಾಗ ಹದಿನಾರರ ಹುಡುಗ ಎಷ್ಟು ನಿಜ ಹೇಳುತ್ತಾನೆ? ಹಾಸ್ಟೆಲ್‌ನಲ್ಲಿ, ಬೀದಿಯಲ್ಲಿ ಇರುವವರು ಲೆಕ್ಕಕ್ಕೆ ಸಿಗುವುದೇ ಕಷ್ಟ.

‘ಅಪ್ರಾಪ್ತ’ ಎಂಬ ಪದದಲ್ಲೇ ತೊಡಕಿದೆ. 2023ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ಹೊರಡಿಸಿ, ವಿರೋಧ ಬಂದ ಮೇಲೆ ಕೈಬಿಟ್ಟಿತು. 1965ರ ಅಬಕಾರಿ ಕಾಯ್ದೆಯಲ್ಲಿ 18 ಎಂದಿದೆ, 1967ರ ನಿಯಮಗಳಲ್ಲಿ 21. ಆ ವಾರ ನಮ್ಮ ಕಚೇರಿಗೆ ಕರೆ ಮಾಡಿದ ವರದಿಗಾರರೆಲ್ಲ ‘ಅಪ್ರಾಪ್ತ ಕುಡುಕರು ಎಷ್ಟು’ ಎಂದೇ ಕೇಳಿದರು. ಹತ್ತೊಂಬತ್ತರ ಬಿ.ಕಾಂ. ಹುಡುಗನನ್ನು ಯಾವ ಕಡೆ ಸೇರಿಸಲಿ? ಏಮ್ಸ್ ಲೆಕ್ಕದಲ್ಲಿ ಅವನು ದೊಡ್ಡವನು, ಅಮೆರಿಕದ ಲೆಕ್ಕದಲ್ಲಿ ಅಪ್ರಾಪ್ತ. ಒಬ್ಬರಂತೂ ಶೇ 1.3 ಎಂದಾಗ ‘ಇಷ್ಟೇನಾ ಮೇಡಂ, ಇದಕ್ಕಿಂತ ದೊಡ್ಡದಿಲ್ಲವೇ?’ ಎಂದು ಕೇಳಿದರು. ಅವರ ಮೇಲೆ ಸಿಟ್ಟು ಬರಲಿಲ್ಲ. ದೊಡ್ಡ ಅಂಕಿಯ ಆಸೆ ಎಂಥದ್ದು ಎಂದು ನನಗೆ ಗೊತ್ತು.

ಎಲ್ಲ ಹಳೆಯ ಸಾಲುಗಳನ್ನೂ ಕಿತ್ತುಹಾಕಿಲ್ಲ. 15ಕ್ಕೆ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ ಸುಮಾರು ಶೇ 40 ಮಂದಿ, 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಸುಮಾರು ಶೇ 10 ಮಂದಿ ಮದ್ಯವ್ಯಸನಕ್ಕೆ ಬಿದ್ದರೆಂಬ ಮಾತು 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ್ದು. ಮೂಲ ಓದಿ ಉಳಿಸಿಕೊಂಡೆ. ‘ಬೇಗ ಕುಡಿದದ್ದರಿಂದ ವ್ಯಸನಿಯಾದರು’ ಎಂದಿದ್ದುದನ್ನು ಮಾತ್ರ ಬದಲಿಸಿದೆ. ಅಲ್ಲಿ ದೊಡ್ಡವರಿಗೆ ‘ಮೊದಲು ಕುಡಿದದ್ದು ಯಾವ ವಯಸ್ಸಿನಲ್ಲಿ’ ಎಂದು ಕೇಳಿದ್ದರು. ನೆನಪಿಗೆ ಅದರದೇ ಸೊಟ್ಟಗಳಿವೆ. ಅಪ್ಪನೇ ಕುಡಿಯುವ ಮನೆಯಲ್ಲಿ ಮಗ ಬೇಗ ಶುರು ಮಾಡಿದ್ದೂ ಮುಂದೆ ವ್ಯಸನಿಯಾದದ್ದೂ ಒಂದೇ ಕಾರಣದಿಂದ ಇರಬಹುದು.

ಮೂರನೇ ಪುಟದ ಒಂದು ಸಾಲಿನ ಜಾಗದಲ್ಲಿ ಈಗ ಮುಕ್ಕಾಲು ಪುಟವಿದೆ. ಹಾಸನದ ಸರ್‌ಗೂ ಒಂದು ಪ್ರತಿ ಕಳಿಸಿದೆ. ಎರಡು ಕಡೆ ಪೆನ್ಸಿಲ್ ಗುರುತು ಹಾಕಿ ವಾಪಸ್ ಕಳಿಸಿದರು. ಹಿಂದಿನ ಬೆಂಚಿನವರ ಹರಟೆ ಮಾತ್ರ ಈಗ ಆ ಪುಟಕ್ಕೆ ನಿಲ್ಲುವುದಿಲ್ಲ.