ನಿಮ್ಮಲ್ಲಿ ಎಷ್ಟು ಪ್ರಾಣಿಗಳಿವೆ?

ವನ್ಯಜೀವಿ ಧಾಮ ನಡೆಸುತ್ತೇನೆಂದು ತಿಳಿದೊಡನೆ ಎಲ್ಲರೂ ಕೇಳುವುದು ಇದನ್ನೇ. ಒಂದೂ ಇಲ್ಲ ಎನ್ನುತ್ತೇನೆ. ಕೇಳಿದವರ ಮುಖ ಸಣ್ಣದಾಗುತ್ತದೆ.

ನಾವು ಪ್ರಾಣಿಗಳನ್ನು ತರುವುದಿಲ್ಲ, ಸಾಕುವುದಿಲ್ಲ. ಕೆಟ್ಟ ನೆಲವನ್ನು ದುರಸ್ತಿ ಮಾಡಿ ಬಿಟ್ಟುಕೊಡುತ್ತೇವೆ. ಬರುವುದು ಬಿಡುವುದು ಅವುಗಳ ಇಷ್ಟ. ದಾನಿಗಳ ಹಣದಿಂದ ನಡೆಯುವ ಸಂಸ್ಥೆಯಾದ್ದರಿಂದ ಇದನ್ನು ವಿವರಿಸುವುದೇ ನಮಗೆ ಅರ್ಧ ಉದ್ಯೋಗ.

ಉಳಿದರ್ಧ ಲಂಟಾನದ ಜೊತೆ ಜಗಳ. ಹೂವಿನ ಚಂದಕ್ಕೆ ಮರುಳಾಗಿ ಅಮೆರಿಕ ಖಂಡದ ಉಷ್ಣವಲಯದಿಂದ ಲೋಕವೆಲ್ಲ ಹೊತ್ತು ತಿರುಗಿದ ಗಿಡ ಅದು. ಮೇಲೆ ಸವರಿದರೆ ಬುಡದಿಂದ ಇಮ್ಮಡಿ ಚಿಗುರುತ್ತದೆ. ಮಣ್ಣಿನೊಳಗೆ ಗುದ್ದಲಿ ಇಳಿಸಿ, ಬೇರು ಕಾಂಡಕ್ಕೆ ಕೂಡುವ ಜಾಗದ ಕೆಳಗೆ ಕಡಿದು, ಮತ್ತೆ ಬೇರೂರದಂತೆ ತಲೆಕೆಳಗು ಮಾಡಿ ಒಣಗಿಸಬೇಕು. ಹಣ್ಣು ತಿಂದ ಹಕ್ಕಿಗಳು ಬೀಜ ಉದುರಿಸುವುದರಿಂದ ಮರುವರ್ಷವೂ, ಅದರ ಮರುವರ್ಷವೂ ಅದೇ ಜಾಗಕ್ಕೆ ಗುದ್ದಲಿ ಹಿಡಿದು ಹೋಗಬೇಕು. ಸಸಿ ನೆಡಲು ದುಡ್ಡು ಕೊಡುವವರು ಬೇಕಾದಷ್ಟಿದ್ದಾರೆ, ಕಳೆ ಕೀಳಲು ಕೊಡುವವರು ಅಪರೂಪ. ಕಿತ್ತ ಜಾಗದಲ್ಲಿ ಫೋಟೋ ಚೆನ್ನಾಗಿ ಬರುವುದಿಲ್ಲವಲ್ಲ!

ಶಾಲೆಯ ಮಕ್ಕಳು ಬಂದರೆ ಮೊದಲು ಒಂದು ಸತ್ತ ಮರದ ಬುಡಕ್ಕೆ ಕರೆದೊಯ್ಯುತ್ತೇನೆ. ಇದನ್ನೇಕೆ ಇನ್ನೂ ಕಡಿಸಿಲ್ಲ ಎಂದು ಒಬ್ಬ ಹುಡುಗಿ ಗದರಿಸುವಂತೆಯೇ ಕೇಳಿದಳು. ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆಯನ್ನು ತೋರಿಸಿದೆ. ಒಳಗಿನಿಂದ ಗೂಬೆಯ ಎರಡು ಹಳದಿ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ನನ್ನ ಭಾಷಣ ಅಲ್ಲಿಗೇ ಮುಗಿಯಿತು.

1934ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರೊಸಾಲಿ ಎಡ್ಜ್ ಎಂಬಾಕೆ ಒಂದು ಬೆಟ್ಟವನ್ನು ಗುತ್ತಿಗೆ ಹಿಡಿದರು. ವಲಸೆ ಹೋಗುವ ಗಿಡುಗಗಳನ್ನು ಬೇಟೆಗಾರರು ಅಲ್ಲಿ ಮೋಜಿಗೆ ಹೊಡೆದು ಕೆಡವುತ್ತಿದ್ದರು. ಆಕೆ ಕಾವಲಿಟ್ಟು ಗುಂಡಿನ ಸದ್ದು ಅಡಗಿಸಿದರು. ಅದೇ ಹಾಕ್ ಮೌಂಟನ್ ಧಾಮ. ಹಕ್ಕಿಗಳನ್ನು ಹಿಡಿದಿಡಲಿಲ್ಲ, ತಲೆಯ ಮೇಲೆ ಹಾದುಹೋಗುವುದನ್ನು ಎಣಿಸಿ ಬರೆದಿಟ್ಟರು. ಡಿಡಿಟಿ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ ಎಳೆಯ ಬಿಳಿತಲೆ ಹದ್ದುಗಳು ಕಡಿಮೆಯಾಗುತ್ತಿದ್ದುದು ಆ ಲೆಕ್ಕದಲ್ಲೇ ಕಂಡಿತು. ನಾವು ಲೆಕ್ಕದ ಪುಸ್ತಕ ಇಟ್ಟುಕೊಂಡಿರುವುದು ಇದನ್ನು ಓದಿದ ಮೇಲೆಯೇ.

ಈಗ ಯಾರಾದರೂ ಎಷ್ಟು ಪ್ರಾಣಿ ಎಂದರೆ ಅದನ್ನೇ ಮುಂದಿಡುತ್ತೇನೆ. ನಿನ್ನೆಯ ಪುಟದಲ್ಲಿ ಇರುವುದು ಒಂದೇ ಸಾಲು: ಹೊಂಡದಂಚಿನ ಕೆಸರಿನಲ್ಲಿ ನೀರುನಾಯಿಯ ಹೆಜ್ಜೆ, ಬಂದದ್ದು ಮಾತ್ರ, ಹಿಂತಿರುಗಿದ್ದು ಕಾಣಲಿಲ್ಲ.