ಹೊಸೂರಿನ ಮಹಡಿ ಮೇಲೊಂದು ಜಪಾನಿ ಊಟ

ಜಪಾನಿ ಊಟ ಅಂದರೆ ನಮ್ಮ ಕಡೆಯವರಿಗೆ ಎರಡೇ ನೆನಪಾಗುವುದು. ಒಂದು ಹಸಿ ಮೀನು, ಇನ್ನೊಂದು ಸ್ಟಾರ್ ಹೋಟೆಲಿನ ಬಿಲ್ಲು. ಹೊಸೂರಿನ ಬಾಗಲೂರು ರಸ್ತೆ ಕಡೆ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಈ ಹೋಟೆಲಿನಲ್ಲಿ ಎರಡೂ ಇಲ್ಲ. ಎಂಟು ಟೇಬಲ್ಲು, ಒಂದು ಫ್ಯಾನು, ಬಾಗಿಲಿಗೆ ಜಪಾನಿ ಅಕ್ಷರದ ಅರ್ಧ ಪರದೆ. ಅಷ್ಟೇ.

ಬೆಂಗಳೂರಿನ ಸ್ನೇಹಿತರು ಕೇಳುತ್ತಾರೆ, ಹೊಸೂರಲ್ಲಿ ಎಂಥ ಜಪಾನಿ ಹೋಟೆಲ್ಲು ಅಂತ. ಊರಿಗೂ ಜಪಾನಿಗೂ ಹಳೇ ನಂಟಿದೆ. 1984ರಲ್ಲಿ ಇಂಡ್-ಸುಜುಕಿ ಬೈಕು ತಯಾರಾಗಿ ಹೊರಬಂದದ್ದು ಇಲ್ಲಿಂದಲೇ. ಟಿವಿಎಸ್ ಮತ್ತು ಸುಜುಕಿ ಜೊತೆಯಾಗಿ ನಡೆದದ್ದು 2001ರವರೆಗೆ. ನಮ್ಮ ಸೋದರಮಾವ ಅಲ್ಲೇ ದುಡಿದು ರಿಟೈರ್ ಆದವರು. ತಳಿ ಕಡೆಯ ಹಳ್ಳಿಯಿಂದ ದಿನಾ ಕಂಪನಿ ಬಸ್ಸಿನಲ್ಲಿ ಬರುತ್ತಿದ್ದರು. ಈಗಲೂ ಮನೆಯಲ್ಲಿ ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟರೆ ‘ಕೈಜೆನ್’, ಅಂದರೆ ದಿನಾ ಒಂಚೂರು ಸುಧಾರಣೆ, ಅಂತ ಜಪಾನಿ ಪಾಠ ಶುರುಮಾಡುತ್ತಾರೆ. ಹಾಗಾಗಿ ಮಾವ, ಅತ್ತೆ ಬ್ಯಾಂಕ್ ಕೆಲಸಕ್ಕೆ ಊರಿಂದ ಬಂದಾಗ ಬಿರಿಯಾನಿ ಬೇಡ ಅಂತ ಇಲ್ಲಿಗೆ ಕರೆದುಕೊಂಡು ಹೋದೆ.

ಸೋಮವಾರ ಅಂತ ನನಗೆ ಹೊಳೆದೇ ಇರಲಿಲ್ಲ. ಅತ್ತೆ ಸೋಮವಾರ ಮಾಂಸ, ಮೀನು ಮುಟ್ಟುವುದಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೇ ಅರ್ಧ ಟೇಬಲ್ಲು ತುಂಬಿತ್ತು. ಇಬ್ಬರು ಜಪಾನಿಯರು ಯೂನಿಫಾರ್ಮ್ ಅಂಗಿಯಲ್ಲೇ ಕೂತು, ಮಾತಿಲ್ಲದೆ, ತಲೆಬಗ್ಗಿಸಿ ಉಣ್ಣುತ್ತಿದ್ದರು. ಪಕ್ಕದಲ್ಲಿ ಅವರ ಜೊತೆಯ ತಮಿಳು ಹುಡುಗರು. ಯಾರೂ ತಟ್ಟೆಯ ಫೋಟೋ ತೆಗೆಯುತ್ತಿರಲಿಲ್ಲ. ನನಗೆ ಈ ಹೋಟೆಲ್ ಹಿಡಿಸಿದ್ದೇ ಈ ಕಾರಣಕ್ಕೆ. ಇಲ್ಲಿಗೆ ಬರುವವರಿಗೆ ಒಂದೂಕಾಲಕ್ಕೆ ಮತ್ತೆ ಶಿಫ್ಟಿಗೆ ಹೋಗಬೇಕು.

ಮೆನು ಅಂದರೆ ಒಂದೇ ಹಾಳೆ. ಜಪಾನಿನ ಮಾಮೂಲಿ ಊಟದಂಗಡಿಗಳಲ್ಲಿ ‘ತೇಶೊಕು’ ಅಂತ ಕೊಡುತ್ತಾರಲ್ಲ, ಅದೇ ಲೆಕ್ಕ. ಒಂದು ಟ್ರೇ. ಅದರಲ್ಲಿ ಅನ್ನ, ಮಿಸೊ ಸೂಪು, ಒಂದಿಷ್ಟು ಉಪ್ಪಿನಲ್ಲಿ ಹಾಕಿದ ಮೂಲಂಗಿಯೋ ಸೌತೆಕಾಯಿಯೋ. ಇವು ಎಲ್ಲರಿಗೂ ಒಂದೇ. ಬದಲಾಗುವುದು ನಡುವಿನ ಪದಾರ್ಥ ಮಾತ್ರ. ಅಡುಗೆಮನೆಯಲ್ಲಿ ಐದಾರು ಬಗೆ ಮಾಡಿದರೆ ಸಾಕು, ವೇಸ್ಟ್ ಕಡಿಮೆ, ಟ್ರೇ ಬೇಗ ಬರುತ್ತದೆ, ರೇಟೂ ಏರುವುದಿಲ್ಲ. ನನ್ನ ಚಿಕನ್ ಕಾತ್ಸು ಊಟ 360 ರೂಪಾಯಿ, ಮಾವನ ಕರಿ ರೈಸ್, ಅಂದರೆ ಮಸಾಲೆ ಗೊಜ್ಜು ಸುರಿದ ಅನ್ನ, 280. ಬಾಳೆಲೆ ಮೀಲ್ಸ್‌ಗಿಂತ ಜಾಸ್ತಿ, ನಿಜ. ಆದರೆ ಬೆಂಗಳೂರಿನ ಮಾಲ್‌ನಲ್ಲಿ ಈ ದುಡ್ಡಿಗೆ ಒಂದು ಕಾಫಿ, ಒಂದು ಬನ್ನು ಬಂದರೆ ಹೆಚ್ಚು.

ಅತ್ತೆ ಮಾತ್ರ ಸಪ್ಲೈಯರ್ ಹುಡುಗನನ್ನು ಕೂರಿಸಿಕೊಂಡು ವಿಚಾರಣೆ ಮಾಡಿದ ಹಾಗೆ ಕೇಳಿದರು.

“ಸೂಪಲ್ಲಿ ಏನಪ್ಪಾ ಹಾಕ್ತೀರಿ?”

“ಸೋಯಾ ಮೇಡಂ. ಆದ್ರೆ ಒಳಗೆ ಮೀನಿದೆ.”

ಹುಡುಗ ಸುಳ್ಳು ಹೇಳಲಿಲ್ಲ, ದೊಡ್ಡ ಗುಣ. ಮಿಸೊ ಅನ್ನುವುದು ಬೇಯಿಸಿದ ಸೋಯಾಕಾಳಿಗೆ ಉಪ್ಪು, ಬೂಷ್ಟು ಬೆಳೆಸಿದ ಅಕ್ಕಿ ಸೇರಿಸಿ ತಿಂಗಳುಗಟ್ಟಲೆ ಹುದುಗಿಸಿದ್ದು. ಅಲ್ಲಿಯವರೆಗೆ ಪೂರ್ತಿ ಸಸ್ಯಾಹಾರವೇ. ಆದರೆ ಅದನ್ನು ಕದಡುವ ನೀರು ಬರೀ ನೀರಲ್ಲ, ‘ದಾಶಿ’. ಬೊನಿಟೊ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಗಟ್ಟಿಯಾಗಿ ಒಣಗಿಸಿ, ಬಡಗಿಯ ಉಜ್ಜುಗೊರಡಿನಂಥದ್ದರಲ್ಲಿ ಹೆರೆಯುತ್ತಾರೆ. ಆ ಹೆರೆದ ಚೂರು, ಜೊತೆಗೆ ಕೊಂಬು ಎಂಬ ಕಡಲಪಾಚಿ, ಇವೆರಡರಿಂದ ಇಳಿಸಿದ ರಸ. ಇದೇ ಪಾಚಿಯ ರಸದಲ್ಲಿ ಹುಡುಕಿ 1908ರಲ್ಲಿ ಕಿಕುನಾಯೆ ಇಕೆದಾ ಎಂಬ ರಸಾಯನ ವಿಜ್ಞಾನಿ ಅದರ ವಿಶೇಷ ರುಚಿಯ ಮೂಲವನ್ನು ಕಂಡುಹಿಡಿದರು, ಆ ರುಚಿಗೆ ‘ಉಮಾಮಿ’ ಅಂತ ಹೆಸರಿಟ್ಟರು. ಚೈನೀಸ್ ಗಾಡಿಗಳಲ್ಲಿ ಉದುರಿಸುವ ಅಜಿನೊಮೊಟೊ ಹುಟ್ಟಿದ್ದು ಅಲ್ಲಿಂದಲೇ. ಜಪಾನಿ ಹೋಟೆಲಿಗೆ ಹೋಗುವ ಸಸ್ಯಾಹಾರಿಗಳು ಅತ್ತೆಯ ಹಾಗೆ ಬಾಯಿಬಿಟ್ಟು ಕೇಳುವುದೇ ಸರಿ. ನೋಡಿದರೆ ಗೊತ್ತಾಗುವುದಿಲ್ಲ.

ಕೊನೆಗೆ ಅವರಿಗೆ ತರಕಾರಿ ತೆಂಪುರಾ, ಅನ್ನ, ಶುಂಠಿ ಹಾಕಿದ ತಣ್ಣನೆಯ ತೋಫು ಬಂತು, 300 ರೂಪಾಯಿಗೆ. ಅದ್ದಿಕೊಳ್ಳುವ ರಸದಲ್ಲೂ ದಾಶಿ ಇದೆ ಅಂತ ಹುಡುಗ ಬರೀ ಉಪ್ಪು ಕೊಟ್ಟ. ಅತ್ತೆ ಬದನೆಕಾಯಿ ಚೂರು ಕಚ್ಚಿ, “ಇದು ಬಜ್ಜಿ ಅಲ್ವೇನೋ? ಕಡಲೆಹಿಟ್ಟಿಗೆ ಕಾಸಿಲ್ಲದವರು ಮಾಡಿದ ಬಜ್ಜಿ” ಅಂದರು. ಆದರೆ ಒಂದನ್ನೂ ಬಿಡಲಿಲ್ಲ. ಹಿಟ್ಟು ತೆಳ್ಳಗೆ, ಎಣ್ಣೆ ಜಿಡ್ಡಿಲ್ಲ, ಸಿಹಿಗುಂಬಳದ ರುಚಿ ಸಿಹಿಗುಂಬಳದ್ದೇ. ಹೀಗೆ ಕರಿಯುವುದನ್ನು ಜಪಾನಿಗೆ ಹದಿನಾರನೇ ಶತಮಾನದಲ್ಲಿ ತಂದವರು ಪೋರ್ಚುಗೀಸರು ಅಂತ ಹೇಳಿದೆ. “ಯಾರಾದ್ರೂ ತಂದಿರ್ಲಿ, ಚಟ್ನಿ ತರೋದು ಮರೆತ್ರು” ಅಂದರು.

ಅಷ್ಟರಲ್ಲಿ ಅತ್ತೆ ಚಾಪ್‌ಸ್ಟಿಕ್ ಸಹವಾಸ ಸಾಕಾಗಿ ಎರಡೂ ಕಡ್ಡಿಯನ್ನು ಅನ್ನದ ಬಟ್ಟಲಿಗೆ ನೆಟ್ಟಗೆ ಸಿಕ್ಕಿಸಿದರು. ಮಾವ ಗಾಬರಿಯಿಂದ ಕಿತ್ತು ತೆಗೆದರು.

“ಹಂಗೆ ಮಾಡ್ಬಾರ್ದು ಕಣೇ. ಅವರಲ್ಲಿ ಸತ್ತವರ ಮುಂದೆ ಇಡೋ ಅನ್ನಕ್ಕೆ ಹಂಗೆ ಸಿಕ್ಕಿಸ್ತಾರೆ. ಕ್ಯಾಂಟೀನಲ್ಲಿ ನಾನು ಸಿಕ್ಕಿಸಿ ಬೈಸ್ಕೊಂಡಿದ್ದೆ.”

“ತಿಥಿ ಅನ್ನಾನಾ? ಮೊದ್ಲೇ ಹೇಳೋಕೇನು?”

ಆಮೇಲೆ ಅತ್ತೆ ಕೈಯಲ್ಲೇ ಕಲಸಿದರು. ಅಕ್ಕಿ ಗಿಡ್ಡ ಜಾತಿಯದು, ಅಂಟಂಟು, ಕಡ್ಡಿಗೆ ಸಿಗಲಿ ಅಂತಲೇ ಇರುವ ಹಾಗೆ. ಯಾರೂ ತಿರುಗಿ ನೋಡಲಿಲ್ಲ.

ನನ್ನ ಕಾತ್ಸು ಬಗ್ಗೆ ಹೇಳಬೇಕು. ಚಪ್ಪಟೆ ಮಾಡಿದ ಕೋಳಿ ಮಾಂಸಕ್ಕೆ ದಪ್ಪ ಬ್ರೆಡ್ಡಿನ ಪುಡಿ ಹಚ್ಚಿ ಕರಿದು, ಅಡುಗೆಮನೆಯಲ್ಲೇ ಪಟ್ಟಿ ಪಟ್ಟಿ ಕತ್ತರಿಸಿ ಕೊಡುತ್ತಾರೆ. ಊಟದ ಮೇಜಿಗೆ ಚಾಕು ಬರುವುದಿಲ್ಲವಲ್ಲ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಪಕ್ಕದಲ್ಲಿ ಎಳೆ ಎಳೆಯಾಗಿ ಹೆಚ್ಚಿದ ಹಸಿ ಕೋಸು, ಕೇಳಿದರೆ ಮತ್ತೆ ಹಾಕುತ್ತಾರೆ. ಅನ್ನವೂ ಅಷ್ಟೇ. ಮೇಲಿನ ಕಪ್ಪು ಸಾಸು ಸ್ವಲ್ಪ ಸಿಹಿ ಜಾಸ್ತಿ, ನನಗೆ ಅದೊಂದು ಸೇರಲಿಲ್ಲ.

ಕರಿ ರೈಸ್ ಇನ್ನೂ ತಮಾಷೆ. ಜಪಾನಿಗೆ ಕರಿ ಹೋದದ್ದು ಮೈಜಿ ದೊರೆಯ ಕಾಲದಲ್ಲಿ, ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ, ಬ್ರಿಟಿಷರ ಮೂಲಕ. ಅದಕ್ಕೇ ಬ್ರಿಟಿಷರ ಹಾಗೆ ಗೋಧಿಹಿಟ್ಟು ಹಾಕಿ ಗಟ್ಟಿ ಮಾಡುತ್ತಾರೆ. ನೌಕಾಪಡೆ ಅದನ್ನು ಹಿಡಿದುಕೊಂಡಿತು, ಇವತ್ತಿಗೂ ಅಲ್ಲಿನ ಹಡಗುಗಳಲ್ಲಿ ಶುಕ್ರವಾರ ಕರಿ. ನಮ್ಮವರದ್ದೂ ಒಂದು ಕಥೆ ಇದೆ. ಬ್ರಿಟಿಷರಿಂದ ತಪ್ಪಿಸಿಕೊಂಡು 1915ರಲ್ಲಿ ಜಪಾನಿಗೆ ಹೋದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್‌ಗೆ ಟೋಕಿಯೊದ ನಕಾಮುರಾಯ ಬೇಕರಿಯವರು ಆಸರೆ ಕೊಟ್ಟರು, ಮಗಳನ್ನೂ ಕೊಟ್ಟರು. 1927ರಲ್ಲಿ ಅದೇ ಅಂಗಡಿಯಲ್ಲಿ ಇಂಡಿಯನ್ ಕರಿ ಶುರುವಾಯಿತು.

ಮಾವ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ತಟ್ಟೆ ಖಾಲಿ ಮಾಡಿ, ಸೂಪಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದರು. ಚಮಚ ಬೇಡ, ಅಲ್ಲೂ ಹಾಗೇ ಕುಡಿಯುವುದು. “ಖಾರ ಇಲ್ಲ. ಆದ್ರೆ ಹೊಟ್ಟೆ ಭಾರ ಆಗ್ಲಿಲ್ಲ” ಅಂದರು. ಮಾವನ ಬಾಯಲ್ಲಿ ಇದು ದೊಡ್ಡ ಸರ್ಟಿಫಿಕೇಟು.

ತೆರಿಗೆ ಸೇರಿ ಬಿಲ್ಲು 987. ನಾನು ಐವತ್ತು ರೂಪಾಯಿ ಟಿಪ್ಸ್ ಇಡಲು ಹೋದೆ. ಮಾವ ಕೈ ಹಿಡಿದರು. “ಜಪಾನಲ್ಲಿ ಟಿಪ್ಸ್ ಕೊಡೋ ಪದ್ಧತಿ ಇಲ್ಲ ಕಣಪ್ಪಾ, ಬೇಜಾರು ಮಾಡ್ಕೋತಾರೆ.”

ಹುಡುಗ ನೋಟು ಎತ್ತಿಕೊಂಡು ನಕ್ಕ. “ಇದು ಹೊಸೂರು ಸಾರ್.”